ಊರಲ್ಲೇ ಇದ್ದು ಮನಸ್ಸು ಗಟ್ಟಿ ಇಟ್ಟುಕೊಳ್ಳುವುದು: ಹೆಣ್ಣನ್ನು ಪ್ರೀತಿಸುವ ಹೆಣ್ಣುಮಕ್ಕಳಿಗೆ

ಇದು ಶಿರಸಿ, ಸಿದ್ದಾಪುರ, ಕುಮಟಾ, ಅಂಕೋಲಾ, ಕಾರವಾರದ ಕಡೆ ಇದ್ದುಕೊಂಡು ಹೆಣ್ಣನ್ನು ಪ್ರೀತಿಸುವ ಹೆಣ್ಣುಮಕ್ಕಳಿಗೆ ಬರೆದದ್ದು. ಲೆಸ್ಬಿಯನ್ ಅಂತ ಹೇಳಿಕೊಳ್ಳುವವರಿಗೆ, ಗಂಡು ಹೆಣ್ಣು ಇಬ್ಬರ ಮೇಲೂ ಮನಸ್ಸಾಗುವ ಬೈಸೆಕ್ಶುವಲ್ ಹೆಂಗಸರಿಗೆ, ಯಾವ ಹೆಸರನ್ನೂ ಇಟ್ಟುಕೊಳ್ಳದೆ ಸುಮ್ನೆ ದಿನ ದೂಡುತ್ತಿರುವವರಿಗೂ. ನಾನು ಶಿರಸಿ ಕಡೆಯವಳು. ಅಡಿಕೆ ತೋಟದ ಮನೆ. ಒಂದು ಸೊಸೈಟಿಯಲ್ಲಿ ಲೆಕ್ಕ ಬರೆಯುತ್ತೇನೆ. ನನ್ನ ಗೆಳತಿ ಕಾರವಾರದಲ್ಲಿ ನರ್ಸ್. ಮಧ್ಯ ದೇವಿಮನೆ ಘಟ್ಟ ಇದೆ, ಮಳೆಗಾಲದಲ್ಲಿ ಅದು ಯಾವಾಗ ಮುಚ್ಚುತ್ತದೋ ಹೇಳಲು ಬರುವುದಿಲ್ಲ.

ಫೋನಿನಲ್ಲಿ ಸಿಗುವ ಸಲಹೆ ಹೆಚ್ಚಾಗಿ ಒಂದೇ. ಎಲ್ಲರಿಗೂ ಹೇಳಿಬಿಡಿ, ಮನಸ್ಸು ಹಗುರಾಗುತ್ತದೆ. ಇಲ್ಲವೇ, ಊರು ಬಿಟ್ಟು ಬನ್ನಿ. ಹೇಳುವವರು ಬೆಂಗಳೂರಿನಲ್ಲೋ ಮುಂಬೈಯಲ್ಲೋ ಬಾಡಿಗೆ ಫ್ಲ್ಯಾಟಿನಲ್ಲಿ ಇರುತ್ತಾರೆ. ಪಕ್ಕದ ಮನೆಯವರ ಹೆಸರು ಅವರಿಗೆ ಗೊತ್ತಿರುವುದಿಲ್ಲ. ನಮ್ಮಲ್ಲಿ ಬಸ್ಸಿನ ಕಂಡಕ್ಟರಿಗೂ ನಾನು ಯಾರ ಮನೆಯ ಮಗಳು ಅಂತ ಗೊತ್ತು. ಇಲ್ಲಿ ಹೇಳಿದ ಮಾತು ನನ್ನೊಬ್ಬಳ ಮಾತಾಗಿ ಉಳಿಯುವುದಿಲ್ಲ. ಅಪ್ಪ ಸೊಸೈಟಿಗೆ ಅಡಿಕೆ ತಂದಾಗ, ತಮ್ಮನಿಗೆ ಹೆಣ್ಣು ನೋಡುವಾಗ, ಅಮ್ಮ ಭಜನೆಗೆ ಹೋದಾಗ, ಎಲ್ಲ ಕಡೆಯೂ ಅದು ಮುಂದೆ ಬಂದು ಕೂರುತ್ತದೆ. ಹಾಗಾಗಿ ಇಲ್ಲೇ ಇರಬೇಕೆಂದಿರುವವರಿಗೆ ಇಲ್ಲಿಯದೇ ದಾರಿ ಬೇಕು.

ಮೊದಲು ಈ ಭಾರ ಏನು ಅಂತ ತಿಳಿದುಕೊಳ್ಳಿ

ಚಿಂತೆ ಎಲ್ಲರಿಗೂ ಇದೆ. ಅಡಿಕೆಗೆ ಕೊಳೆ ಬಂದರೆ ಚಿಂತೆ, ಅಪ್ಪನ ಶುಗರ್ ಏರಿದರೆ ಚಿಂತೆ. ನಮಗೆ ಅದರ ಮೇಲೆ ಇನ್ನೊಂದಿಷ್ಟು ಸೇರುತ್ತದೆ. ಈ ಹೆಚ್ಚಿನ ಪಾಲಿಗೆ ಮನಶ್ಶಾಸ್ತ್ರದವರು ಮೈನಾರಿಟಿ ಸ್ಟ್ರೆಸ್ ಅನ್ನುತ್ತಾರೆ. 1981ರಲ್ಲಿ ವರ್ಜೀನಿಯಾ ಬ್ರೂಕ್ಸ್ ಅನ್ನುವವರು ಲೆಸ್ಬಿಯನ್ ಹೆಂಗಸರ ಬಗ್ಗೆಯೇ ಇದನ್ನು ಬರೆದರು. ಆಮೇಲೆ ಇಲಾನ್ ಮೇಯರ್ 1995ರಲ್ಲಿ ಗೇ ಗಂಡಸರನ್ನು ನೋಡಿ, 2003ರಲ್ಲಿ ಲೆಸ್ಬಿಯನ್ ಮತ್ತು ಬೈಸೆಕ್ಶುವಲ್ ಜನರನ್ನೂ ಸೇರಿಸಿ, ಇದನ್ನು ಬಿಡಿಸಿಟ್ಟರು. ಮೊದಲು ಬರೆದದ್ದು ಹೆಂಗಸರ ಬಗ್ಗೆ, ಈಗ ಎಲ್ಲರೂ ಹೇಳುವುದು ಮೇಯರ್ ಹೆಸರು. ಇರಲಿ.

ಮೇಯರ್ ಹೇಳುವುದು ಹೀಗೆ. ಕೆಲವು ಪೆಟ್ಟು ಹೊರಗಿನಿಂದ ಬರುತ್ತವೆ. ಬೈಗುಳ, ಹೊಡೆತ, ಕೆಲಸ ಹೋಗುವುದು, ಮನೆಯಿಂದ ಹೊರಗೆ ಹಾಕುವುದು. ಇನ್ನು ಕೆಲವು ಒಳಗೇ ನಡೆಯುತ್ತವೆ. ಯಾರೂ ಏನೂ ಅನ್ನದಿದ್ದರೂ ಈಗ ಏನೋ ಅನ್ನುತ್ತಾರೆ ಅಂತ ಕಿವಿ ನಿಮಿರಿಸಿಕೊಂಡಿರುವುದು. ಮುಚ್ಚಿಡುವುದು. ಕೊನೆಗೆ ಊರವರ ಮಾತನ್ನೇ ನಂಬಿ ತನ್ನನ್ನೇ ಹಳಿದುಕೊಳ್ಳುವುದು.

ನನಗೆ ಯಾರೂ ಒಂದು ಏಟು ಹೊಡೆದಿಲ್ಲ. ಆದರೂ ಎಷ್ಟೋ ಭಾನುವಾರ ರಾತ್ರಿ ಕುತ್ತಿಗೆ ಬಿಗಿದು ತಲೆನೋವು ಬಂದು ಮಲಗುತ್ತಿದ್ದೆ. ಉಪನಯನದ ಮನೆಯಲ್ಲಿ ಪಂಕ್ತಿಗೆ ಕೂತಾಗ ಫೋನನ್ನು ಮೊಗಚಿ ಇಡುವುದು, ಗೆಳತಿಯ ಹೆಸರು ಬಂದಾಗ ಮುಖದ ಮೇಲೆ ಏನೂ ಬಾರದಂತೆ ನೋಡಿಕೊಳ್ಳುವುದು, ಯಾರಾದರೂ ನಕ್ಕರೆ ನನ್ನ ಬಗ್ಗೆಯೇ ಇರಬಹುದಾ ಅಂತ ತಿರುಗಿ ನೋಡುವುದು. ಇದೆಲ್ಲ ಸೊಸೈಟಿಯ ಸಣ್ಣ ಖರ್ಚುಗಳ ಹಾಗೆ. ಚಹಾ, ಸ್ಟಾಂಪು, ಆಟೋ ಬಾಡಿಗೆ. ಒಂದೊಂದನ್ನು ಯಾರೂ ಕೇಳುವುದಿಲ್ಲ, ವರ್ಷದ ಕೊನೆಗೆ ಕೂಡಿಸಿದಾಗ ಹಣ ಎಲ್ಲಿ ಹೋಯಿತು ಅಂತ ಗೊತ್ತಾಗುತ್ತದೆ.

ಈ ಭಾರ ಕಾಯಿಲೆಯಾಗಿ ತಿರುಗುವ ಬಗೆಯನ್ನು 2009ರಲ್ಲಿ ಮಾರ್ಕ್ ಹ್ಯಾಟ್ಜೆನ್‌ಬ್ಯೂಲರ್ ವಿವರಿಸಿದರು. ಅದದನ್ನೇ ಮೆಲುಕು ಹಾಕುವುದು, ಜನರಿಂದ ದೂರ ಸರಿಯುವುದು, ನನಗೆ ಒಳ್ಳೆಯದಾಗುವುದಿಲ್ಲ ಅಂತ ನಂಬಿಬಿಡುವುದು. ದಾರಿ ಇವುಗಳ ಮೂಲಕವೇ ಹೋಗುತ್ತದೆ ಅನ್ನುತ್ತಾರೆ. ನನಗೆ ಈ ಮಾತು ಹಿಡಿಸಿತು. ಊರವರ ಬಾಯಿ ಮುಚ್ಚಿಸಲು ನನ್ನಿಂದ ಆಗುವುದಿಲ್ಲ. ಈ ಮೂರರಲ್ಲಿ ಮಾತ್ರ ನಾನು ಕೈ ಹಾಕಬಹುದು.

ಎಲ್ಲಿ ಹಿಡಿಯುತ್ತದೆ ಅಂತ ಬರೆದು ನೋಡಿ

ಒಂದು ವಾರ, ದಿನಕ್ಕೆ ಎರಡು ಸಾಲು. ಏನಾಯಿತು, ಆಮೇಲೆ ಮೈಗೆ ಏನಾಯಿತು. ಹೆಸರು ಬರೆಯಬೇಡಿ. ಮನೆಯಲ್ಲಿ ಯಾರಾದರೂ ನೋಡಿದರೂ ತಿಳಿಯದ ಹಾಗೆ ಇರಲಿ. 'ಮದುವೆ ಮನೆ, ಚಿಕ್ಕಮ್ಮ, ಹೊಟ್ಟೆ ಬಿಗಿ' ಅಂದರೆ ಸಾಕು.

ವಾರ ಮುಗಿದಾಗ ನಿಮಗೇ ಆಶ್ಚರ್ಯ ಆಗಬಹುದು. ನನಗೆ ಕಷ್ಟ ಆಗುವುದು ಆಫೀಸಿನಲ್ಲಿ ಅಂತ ಅಂದುಕೊಂಡಿದ್ದೆ. ಆಫೀಸಿನಲ್ಲಿ ಏನೂ ಇರಲಿಲ್ಲ. ಲೆಕ್ಕ ಸರಿ ಇದ್ದರೆ ಅಲ್ಲಿ ಯಾರಿಗೂ ನನ್ನ ಗೊಡವೆ ಬೇಡ. ಸುಸ್ತೆಲ್ಲ ಮಂಗಲ ಕಾರ್ಯಗಳಲ್ಲಿ. ನಮ್ಮ ಕಡೆ ತೋಟ ಮಾಡಿಕೊಂಡಿರುವ ಮಾಣಿಗಳಿಗೆ ಹೆಣ್ಣು ಸಿಗುತ್ತಿಲ್ಲ, ಅದೊಂದು ಊರೆಲ್ಲ ಆಡುವ ಸಂಕಟ. ಅಂಥ ಊರಲ್ಲಿ ಮದುವೆಯಾಗದ ಹೆಣ್ಣು ಓಡಾಡಿಕೊಂಡಿದ್ದರೆ ಪ್ರತಿ ಪಂಕ್ತಿಯಲ್ಲೂ ಒಬ್ಬರು ಲೆಕ್ಕ ಹಾಕುತ್ತಾರೆ. "ಕೂಸೇ, ಊಟ ಯಾವಾಗ ಹಾಕಸ್ತ್ಯೆ?" ಕೇಳುವವರಿಗೆ ಅದು ಒಂದು ಕುಶಾಲು. ನಮಗೆ ಅದು ಸಂಜೆಯವರೆಗೂ ಬಿಡುವುದಿಲ್ಲ.

ಎಲ್ಲಿ ಹಿಡಿಯುತ್ತದೆ ಅಂತ ಗೊತ್ತಾದ ಮೇಲೆ ಅಲ್ಲಿಗೆ ಮಾತ್ರ ತಯಾರಿ ಮಾಡಿ. ನಾನು ಈಗ ಎಲ್ಲ ಕಾರ್ಯಕ್ಕೂ ಹೋಗುವುದಿಲ್ಲ. ಹತ್ತಿರದವರದಕ್ಕೆ ಹೋಗುತ್ತೇನೆ, ಬಡಿಸಲು ನಿಲ್ಲುತ್ತೇನೆ. ಕೈಯಲ್ಲಿ ಸಾರಿನ ಬಕೆಟ್ಟು ಇದ್ದವಳನ್ನು ಯಾರೂ ನಿಲ್ಲಿಸಿಕೊಂಡು ಮದುವೆ ಮಾತು ತೆಗೆಯುವುದಿಲ್ಲ.

ಮುಚ್ಚಿಡುವುದನ್ನು ನೀವೇ ತೀರ್ಮಾನ ಮಾಡಿ

ಇಲ್ಲಿ ನನ್ನ ಅಭಿಪ್ರಾಯ ಸ್ವಲ್ಪ ಬೇರೆ. ಮುಚ್ಚಿಡುವುದು ಹೇಡಿತನ ಅಂತ ನಾನು ಒಪ್ಪುವುದಿಲ್ಲ. ಮುಚ್ಚಿಟ್ಟರೆ ಒಳಗೆ ಒತ್ತಡ ಏರುತ್ತದೆ, ನಿಜ. ಹೇಳಿದರೆ ಹೊರಗಿನ ಪೆಟ್ಟು ಏರಬಹುದು, ಅದೂ ನಿಜ. ಹೆದರಿಕೆಯಿಂದ ಎಲ್ಲ ಕಡೆ, ಎಲ್ಲರಿಂದ, ಇಪ್ಪತ್ನಾಲ್ಕು ಗಂಟೆ ಮುಚ್ಚಿಡುವುದೇ ಮನುಷ್ಯರನ್ನು ತಿಂದುಹಾಕುವುದು. ಇವರಿಗೆ ಹೇಳುವುದಿಲ್ಲ, ಇವರಿಗೆ ಹೇಳುತ್ತೇನೆ ಅಂತ ಕೂತು ತೀರ್ಮಾನ ಮಾಡಿದರೆ ಅರ್ಧ ಸುಸ್ತು ಅಲ್ಲೇ ಇಳಿಯುತ್ತದೆ.

ಮನಸ್ಸಿನಲ್ಲೇ ಒಂದು ಪಟ್ಟಿ ಮಾಡಿಕೊಳ್ಳಿ. ಯಾರಿಗೆ ಗೊತ್ತಾಗಲೇಬೇಕು? ಯಾರಿಗೆ ಗೊತ್ತಾದರೂ ಅಡ್ಡಿಯಿಲ್ಲ? ಯಾರಿಗೆ ಗೊತ್ತಾದರೆ ನನ್ನ ಊಟ, ಮನೆ, ಜೀವಕ್ಕೆ ತೊಂದರೆ? ಮೂರನೆಯವರಿಗೆ ಹೇಳುವ ಸಾಲ ನಿಮ್ಮ ಮೇಲೆ ಇಲ್ಲ. ನಿಮ್ಮ ಕೈಯಲ್ಲಿ ನಿಮ್ಮದೇ ದುಡ್ಡು ಇಲ್ಲದಿದ್ದರೆ, ಮಾರ್ಕ್ಸ್‌ಕಾರ್ಡು ಆಧಾರ್ ಕಾರ್ಡು ಅಪ್ಪನ ಕಪಾಟಿನಲ್ಲಿ ಇದ್ದರೆ, ನಾಲ್ಕು ದಿನ ಹೋಗಿ ಇರಲು ಒಂದು ಜಾಗ ಇಲ್ಲದಿದ್ದರೆ, ಮನೆಯವರಿಗೆ ಹೇಳುವುದನ್ನು ಮುಂದಕ್ಕೆ ಹಾಕಿ. ಮೊದಲು ಆ ಮೂರನ್ನು ಮಾಡಿಕೊಳ್ಳಿ.

ಕೇಳುವವರಿಗೆ ಒಂದೇ ಉತ್ತರ ಇಟ್ಟುಕೊಳ್ಳಿ, ಪ್ರತಿ ಸಲವೂ ಅದನ್ನೇ ಹೇಳಿ. ನನ್ನದು ಇದು: "ಮದುವೆ ಬೇಡ ಅಂತ ತೀರ್ಮಾನ ಮಾಡಿದ್ದೇನೆ ಅತ್ತೆ. ನಿಮ್ಮಲ್ಲಿ ಕೊನೆ ಕೊಯ್ಲು ಮುಗೀತಾ?" ಕೊಯ್ಲಿನ ಮಾತು ಬಂದರೆ ನಮ್ಮ ಕಡೆಯವರು ಆಳು ಸಿಗದ ಕಥೆಗೆ ಇಳಿದೇ ಇಳಿಯುತ್ತಾರೆ. ಕರಾವಳಿಯವರಾದರೆ ಮೀನಿನ ರೇಟು ಕೇಳಿ. ಆದರೆ ಕಥೆ ಕಟ್ಟಬೇಡಿ. ಬೆಂಗಳೂರಿನಲ್ಲಿ ಒಬ್ಬ ಹುಡುಗ ಇದ್ದಾನೆ, ಹುಬ್ಬಳ್ಳಿಯಲ್ಲಿ ಒಂದು ಸಂಬಂಧ ನೋಡುತ್ತಿದ್ದಾರೆ ಅಂತ ಹೇಳಿದರೆ ಆ ಹುಡುಗನಿಗೆ ಕೆಲಸ, ಮನೆ, ಗೋತ್ರ ಎಲ್ಲ ನೀವೇ ಹುಟ್ಟಿಸಬೇಕಾಗುತ್ತದೆ. ಅದನ್ನು ನೆನಪಿಟ್ಟುಕೊಳ್ಳುವುದು ಇನ್ನೊಂದು ಕೆಲಸ.

ಫೋನಿನ ವಿಷಯ ಚಿಕ್ಕದಾಗಿ. ನೋಟಿಫಿಕೇಶನ್‌ನಲ್ಲಿ ಮೆಸೇಜಿನ ಸಾಲು ಕಾಣಿಸದ ಹಾಗೆ ಮಾಡಿ. ಫೋಟೋಗಳು ಮನೆಯವರೂ ಬಳಸುವ ಗೂಗಲ್ ಖಾತೆಗೆ ಹೋಗುತ್ತಿವೆಯಾ ನೋಡಿ. ಎಷ್ಟೋ ಗುಟ್ಟು ಮನೆಯಲ್ಲಿ ಒಡೆದದ್ದು ಟಿವಿಯ ಮೇಲೆ ತಾನಾಗಿ ಓಡುವ ಫೋಟೋಗಳಿಂದ. ಆ್ಯಪಿನಲ್ಲಿ ಪರಿಚಯವಾದವರನ್ನು ಮೊದಲ ಸಲ ಜನ ಓಡಾಡುವ ಕಡೆ ನೋಡಿ. ಯಾರಾದರೂ "ಪೊಲೀಸರಿಗೆ ಹೇಳುತ್ತೇನೆ, ದುಡ್ಡು ಕೊಡು" ಅಂದರೆ ತಿಳಿದಿರಲಿ: 2018ರ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟು ಆಗಿನ ದಂಡ ಸಂಹಿತೆಯ 377ನೇ ಕಲಮಿನ ಬಗ್ಗೆ ತೀರ್ಪು ಕೊಟ್ಟ ಮೇಲೆ, ವಯಸ್ಕರಿಬ್ಬರು ಒಪ್ಪಿ ಪ್ರೀತಿಸುವುದು ಅಪರಾಧವೇ ಅಲ್ಲ. ಹೆದರಿಸಿ ದುಡ್ಡು ಕೇಳುವುದು ಅಪರಾಧ.

ಕಾವಲು ಇಲ್ಲದೆ ಕೂರಲು ಒಬ್ಬರಾದರೂ ಬೇಕು

ಇಡೀ ಬರಹದಲ್ಲಿ ಒಂದನ್ನೇ ಮಾಡುತ್ತೀರಿ ಅಂದರೆ ಇದನ್ನು ಮಾಡಿ. ನಿಮ್ಮ ಪ್ರೀತಿಯ ಹುಡುಗಿಯನ್ನು ಬಿಟ್ಟು ಇನ್ನೊಬ್ಬರು. ಯಾಕೆಂದರೆ ಜಗಳ ಆಗುವುದು ಅವಳ ಜೊತೆಗೇ. ಜಗಳ ಆದಾಗ ಹೋಗಿ ಹೇಳಿಕೊಳ್ಳಲು ಯಾರೂ ಇಲ್ಲದಿದ್ದರೆ ಎದೆ ಒಡೆದುಹೋಗುತ್ತದೆ. ಮದುವೆಯಾದ ಹೆಂಗಸರು ಗಂಡನ ಮೇಲೆ ಮುನಿಸಿಕೊಂಡರೆ ಹಿತ್ತಿಲ ಬೇಲಿಯ ಆಚೆ ನಿಂತು ಅರ್ಧ ಗಂಟೆ ಹೇಳಿಕೊಳ್ಳುತ್ತಾರೆ. ಆ ಭಾಗ್ಯ ನಮಗಿಲ್ಲ.

ಹುಡುಕುವುದು ಹೇಗೆ? ನೇರ ಹೇಳಬೇಡಿ. ಯಾವುದಾದರೂ ಸುದ್ದಿಯ ನೆಪ ಮಾಡಿ. 2023ರ ಅಕ್ಟೋಬರ್ 17ರಂದು ಸುಪ್ರೀಂ ಕೋರ್ಟು ಇಂಥ ಜೋಡಿಗಳ ಮದುವೆಗೆ ಮಾನ್ಯತೆ ಕೊಡಲು ಆಗುವುದಿಲ್ಲ ಅಂದಿತಲ್ಲ, ಆ ಮಾತು ಎತ್ತಿ. "ಪಾಪ, ಅವರಿಗೂ ಬದುಕು ಬೇಡವಾ" ಅನ್ನುವವರು ಒಂದು ತರಹ. "ಛೀ, ಕಲಿಗಾಲ" ಅನ್ನುವವರು ಇನ್ನೊಂದು ತರಹ. ಏನೂ ಅನ್ನದೆ ಸ್ವಲ್ಪ ಹೊತ್ತು ಯೋಚಿಸುವವರನ್ನು ನಾನು ಎಲ್ಲರಿಗಿಂತ ಹೆಚ್ಚು ನಂಬುತ್ತೇನೆ. ಅವರು ಬೇರೆ ವಿಷಯದಲ್ಲಿ ಗುಟ್ಟು ಉಳಿಸುತ್ತಾರಾ ಅನ್ನುವುದನ್ನೂ ನೋಡಿ. ಪಕ್ಕದವರ ಮನೆಯ ಕಥೆಯನ್ನು ನಿಮಗೆ ಹೇಳುವವರು ನಿಮ್ಮ ಕಥೆಯನ್ನು ಪಕ್ಕದವರಿಗೆ ಹೇಳುತ್ತಾರೆ.

ನನಗೆ ಸಿಕ್ಕಿದ್ದು ನಮ್ಮ ದೊಡ್ಡಪ್ಪನ ಮನೆಯ ಅತ್ತಿಗೆ. ರಾತ್ರಿ ಅಡಿಕೆ ಸುಲಿಯುತ್ತಾ ಕೂತಿದ್ದೆವು. ಉಳಿದವರು ಎದ್ದು ಹೋಗಿದ್ದರು. ನಾನು ಸುತ್ತಿ ಬಳಸಿ ಹೇಳಲು ಶುರು ಮಾಡಿದೆ. ಅತ್ತಿಗೆ ಮೆಟ್ಟುಗತ್ತಿಯಿಂದ ಕಣ್ಣು ಎತ್ತಲಿಲ್ಲ. "ಗೊತ್ತಿದ್ದು ಕೂಸೇ. ಆ ನರ್ಸಮ್ಮನ ಫೋನ್ ಬಂದ್ರೆ ಮಾತ್ರ ನೀ ಹಿತ್ಲಿಗೆ ಹೋಗ್ತೆ" ಅಂದಳು. ಆಮೇಲೆ ಅವಳು ಕೇಳಿದ್ದು ಒಂದೇ ಪ್ರಶ್ನೆ, ಅವರು ಮೀನು ತಿನ್ನುತ್ತಾರಾ ಅಂತ. ನಮ್ಮ ಮನೆಯಲ್ಲಿ ಅದು ನನ್ನ ಉಳಿದ ವಿಷಯಕ್ಕಿಂತ ದೊಡ್ಡ ತೊಡಕು ಅಂತ ಅವಳಿಗೆ ಅನ್ನಿಸಿತ್ತೋ ಏನೋ.

ಎಲ್ಲರಿಗೂ ಇಂಥ ಅತ್ತಿಗೆ ಸಿಗುವುದಿಲ್ಲ. ಸಿಗದಿದ್ದರೆ ದೂರದವರನ್ನು ಹುಡುಕಿ. ಬೆಂಗಳೂರಿನಲ್ಲಿ ನಮ್ಮಂಥವರಿಗಾಗಿ ಗುಡ್ ಆ್ಯಸ್ ಯು ಗುಂಪು 1994ರಲ್ಲಿ, ಸಂಗಮ 1999ರಲ್ಲಿ ಶುರುವಾದವು. ಕೋಲ್ಕತ್ತಾದ ಸ್ಯಾಫೊ ಫಾರ್ ಈಕ್ವಾಲಿಟಿ ಲೆಸ್ಬಿಯನ್ ಮತ್ತು ಬೈಸೆಕ್ಶುವಲ್ ಹೆಂಗಸರಿಗಾಗಿ ಕೆಲಸ ಮಾಡಿಕೊಂಡು ಬಂದಿದೆ. ನಿಮ್ಮಂಥ ಇನ್ನೊಬ್ಬಳ ಜೊತೆ ಮಾತಾಡುವುದರಲ್ಲಿ ಒಂದು ಗುಣ ಇದೆ. ಮೇಯರ್ ಕೂಡ ಹೇಳುವುದು ಅದನ್ನೇ: ಒಬ್ಬಳೇ ಇದ್ದಾಗ ನನ್ನಲ್ಲೇ ಏನೋ ದೋಷ ಅಂತ ಅನ್ನಿಸುತ್ತದೆ, ತನ್ನಂಥವರ ಜೊತೆ ಸೇರಿದಾಗ ದೋಷ ಎಲ್ಲಿದೆ ಅಂತ ಕಾಣುತ್ತದೆ.

ನಮ್ಮ ಕಡೆ ಒಂದು ಅನುಕೂಲವೂ ಇದೆ, ಅದನ್ನು ಬಿಡಬೇಡಿ. ಇಬ್ಬರು ಹೆಂಗಸರು ಕಾರವಾರದ ಟ್ಯಾಗೋರ್ ಬೀಚಿನಲ್ಲಿ ಕೈ ಹಿಡಿದು ನಡೆದರೆ ಯಾರೂ ತಿರುಗಿ ನೋಡುವುದಿಲ್ಲ. ಗೋಕರ್ಣಕ್ಕೆ ಇಬ್ಬರೂ ಹೋಗಿ ಒಂದೇ ರೂಮು ಮಾಡಿದರೆ ಯಾರೂ ಕೇಳುವುದಿಲ್ಲ. ಗಂಡು ಹೆಣ್ಣಾಗಿದ್ದರೆ ಮದುವೆಯ ಗುರುತು ಕೇಳುತ್ತಿದ್ದರು! ನಾವು ಯಾರ ಕಣ್ಣಿಗೂ ಬೀಳುವುದಿಲ್ಲ ಅನ್ನುವುದು ಬೇಜಾರಿನ ವಿಷಯ, ನನಗೆ ಗೊತ್ತು. ಆದರೆ ಸಂಜೆ ಸೂರ್ಯ ಮುಳುಗುವವರೆಗೆ ಆ ಮರಳಿನಲ್ಲಿ ಯಾರ ಗೊಡವೆಯೂ ಇಲ್ಲದೆ ನಡೆಯಲು ಅದೇ ದಾರಿ ಮಾಡಿಕೊಡುತ್ತದೆ.

ಬೈಸೆಕ್ಶುವಲ್ ಆಗಿದ್ದರೆ, ಮದುವೆಯಾಗಿದ್ದರೆ

ಬೈಸೆಕ್ಶುವಲ್ ಹೆಂಗಸರಲ್ಲಿ ಆತಂಕ, ಖಿನ್ನತೆ ಲೆಸ್ಬಿಯನ್ ಹೆಂಗಸರಿಗಿಂತ ಜಾಸ್ತಿ ಅಂತ ಬೇರೆ ಬೇರೆ ದೇಶದ ಅಧ್ಯಯನಗಳು ಮತ್ತೆ ಮತ್ತೆ ತೋರಿಸಿವೆ. ಕಾರಣ ಊಹಿಸುವುದು ಕಷ್ಟವಲ್ಲ. ಮನೆಯವರು "ಗಂಡಸೂ ಇಷ್ಟ ಅಂದಮೇಲೆ ಒಬ್ಬನನ್ನು ಮದುವೆಯಾಗಲು ಏನು ದಾಡಿ" ಅನ್ನುತ್ತಾರೆ. ಹೆಣ್ಣನ್ನೇ ಪ್ರೀತಿಸುವ ಗೆಳತಿಯರು "ಕೊನೆಗೆ ನೀನು ಗಂಡಸಿನ ಹಿಂದೆಯೇ ಹೋಗುತ್ತೀಯ" ಅನ್ನುತ್ತಾರೆ. ಎರಡು ಕಡೆಯಿಂದಲೂ ಅನುಮಾನ. ನನ್ನ ಗೆಳತಿ ಬೈಸೆಕ್ಶುವಲ್. ಈ ಎರಡನೇ ಮಾತನ್ನು ಅವಳು ನಮ್ಮವರ ಬಾಯಲ್ಲೇ ಕೇಳಿದ್ದಾಳೆ. ನಮ್ಮ ಜೊತೆಗಿನವರೇ ಹೀಗೆ ಅಂದಾಗ ಊರವರು ಅಂದದ್ದಕ್ಕಿಂತ ಹೆಚ್ಚು ಸುಡುತ್ತದೆ. ಹಾಗಾಗಿ ಲೆಸ್ಬಿಯನ್ ಆದವರು ದಯವಿಟ್ಟು ಆ ಕುಶಾಲು ಬಿಡಿ. ಬೈಸೆಕ್ಶುವಲ್ ಆದವರು ಯಾರ ಮುಂದೆಯೂ ಪರೀಕ್ಷೆ ಬರೆಯಲು ಹೋಗಬೇಡಿ. ಯಾರ ಮೇಲೆ ಎಷ್ಟು ಮನಸ್ಸು ಅಂತ ತೂಕ ಹಾಕಿ ತೋರಿಸುವ ಅಗತ್ಯ ಇಲ್ಲ.

ಓದುವವರಲ್ಲಿ ಎಷ್ಟೋ ಜನ ಈಗಾಗಲೇ ಮದುವೆಯಾಗಿ, ಮಕ್ಕಳನ್ನು ಶಾಲೆಗೆ ಕಳಿಸಿ, ಮಧ್ಯಾಹ್ನ ಫೋನು ಹಿಡಿದು ಕೂತವರು ಇರಬಹುದು. ನಿಮಗೆ ಒಂದೇ ಮಾತು. ರಾತ್ರಿ ಯಾವ ತೀರ್ಮಾನವನ್ನೂ ಮಾಡಬೇಡಿ. ಬಿಡುವುದೋ ಉಳಿಯುವುದೋ ಅನ್ನುವುದಕ್ಕೆ ಮೊದಲು ನಿಮ್ಮ ಹೆಸರಲ್ಲಿ ಒಂದು ಖಾತೆ ಇರಲಿ, ಒಬ್ಬ ವಕೀಲರ ಜೊತೆ ಮಾತಾಗಿರಲಿ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಹೆಂಗಸರಿಗೆ ಉಚಿತವಾಗಿ ವಕೀಲರನ್ನು ಕೊಡುತ್ತಾರೆ, 15100ಕ್ಕೆ ಫೋನ್ ಮಾಡಿ ಕೇಳಬಹುದು.

ಮಳೆಗಾಲಕ್ಕೆ ಬೇರೆ ತಯಾರಿ

ಜೂನ್ ಬಂತು ಅಂದರೆ ನನಗೆ ಹೆದರಿಕೆ. ತೋಟದ ಮನೆ, ಪಕ್ಕದ ಮನೆಗೆ ಒಂದು ಕೂಗಳತೆ. ಕರೆಂಟು ಹೋದರೆ ಟವರಿನ ಬ್ಯಾಟರಿ ಮುಗಿದು ನೆಟ್‌ವರ್ಕೂ ಹೋಗುತ್ತದೆ. ಹಾಡಿಯಲ್ಲಿ ಮರ ಬಿದ್ದರೆ ಬಸ್ಸೂ ಇಲ್ಲ. ಹೊರಗೆ ಜೀರುಂಡೆ, ಒಳಗೆ ನಾನು. ಮೆಲುಕು ಹಾಕುವ ಕಾಯಿಲೆಗೆ ಇದಕ್ಕಿಂತ ಒಳ್ಳೆಯ ಹವೆ ಬೇಕಾ? ಗೆಳತಿಯ ಮನೆ ಮೀನುಗಾರರ ಕೇರಿ. ಅಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ ನಿಷೇಧ. ಗಂಡಸರೆಲ್ಲ ಮನೆಯಲ್ಲಿ. ಅವಳಿಗೆ ಮನೆಯಲ್ಲಿ ಫೋನು ಮಾಡಲು ಒಂದು ಮೂಲೆ ಸಿಗುವುದಿಲ್ಲ. ನನಗೆ ಜನ ಇಲ್ಲದ ಕಷ್ಟ, ಅವಳಿಗೆ ಜನ ಜಾಸ್ತಿಯಾದ ಕಷ್ಟ.

ಮೇ ತಿಂಗಳಲ್ಲೇ ಮಾತಾಡಿಟ್ಟುಕೊಳ್ಳಿ. ನೆಟ್‌ವರ್ಕ್ ಹೋದರೆ ಸುಮ್ಮನಾಗಿದ್ದಾಳೆ ಅಂತ ಅರ್ಥ ಮಾಡಿಕೊಳ್ಳಬಾರದು, ಇಂಥ ದಿನ ಪೇಟೆಗೆ ಬಂದಾಗ ಮಾತಾಡುವುದು ಅಂತ. ಇದನ್ನು ಮೊದಲೇ ಹೇಳಿಕೊಳ್ಳದಿದ್ದರೆ ಮೂರು ದಿನದ ಮೌನದಲ್ಲಿ ತಲೆ ಏನೇನೋ ಕಟ್ಟುತ್ತದೆ. ದಿನಕ್ಕೆ ಒಂದು ಸಲ ಮನೆಯಿಂದ ಹೊರಗೆ ಬೀಳುವ ಕೆಲಸ ಇಟ್ಟುಕೊಳ್ಳಿ. ಹಾಲು ಡೈರಿಗೆ ಒಯ್ಯುವುದಾದರೂ ಸರಿ. ಕವಳಕ್ಕೆ, ಅಂದರೆ ಎಲೆಅಡಿಕೆಗೆ, ಹೊಗೆಸೊಪ್ಪು ಜಾಸ್ತಿಯಾಗುತ್ತಿದೆಯಾ, ರಾತ್ರಿ ಕುಡಿಯುವುದು ಶುರುವಾಗಿದೆಯಾ ನೋಡಿಕೊಳ್ಳಿ. ನಮ್ಮಂಥ ಹೆಂಗಸರಲ್ಲಿ ಕುಡಿತ, ತಂಬಾಕು ಉಳಿದ ಹೆಂಗಸರಿಗಿಂತ ಜಾಸ್ತಿ ಅಂತ ಅಧ್ಯಯನಗಳಲ್ಲಿ ಕಂಡಿದೆ. ಒತ್ತಡಕ್ಕೆ ಸಿಕ್ಕ ಸುಲಭದ ಮದ್ದು ಅದು.

ಇನ್ನೊಂದು ಮದ್ದಿದೆ, ಖರ್ಚಿಲ್ಲದ್ದು. 1986ರಿಂದ ಜೇಮ್ಸ್ ಪೆನ್ನೆಬೇಕರ್ ಅನ್ನುವ ಮನಶ್ಶಾಸ್ತ್ರಜ್ಞರು ಇದರ ಮೇಲೆ ಕೆಲಸ ಮಾಡಿದ್ದಾರೆ. ಮನಸ್ಸನ್ನು ಕೊರೆಯುವ ವಿಷಯವನ್ನು ಮೂರು ನಾಲ್ಕು ದಿನ, ದಿನಕ್ಕೆ ಹದಿನೈದು ಇಪ್ಪತ್ತು ನಿಮಿಷ, ಒತ್ತಕ್ಷರ ದೀರ್ಘ ನೋಡದೆ ಬರೆಯುವುದು. ಏನಾಯಿತು ಅನ್ನುವುದರ ಜೊತೆ ಏನನ್ನಿಸಿತು ಅನ್ನುವುದನ್ನೂ ಬರೆಯಬೇಕು. ಬರೆದ ದಿನ ಮನಸ್ಸು ಇನ್ನೂ ಕೆಡಬಹುದು, ಹೆದರಬೇಡಿ, ಇಳಿಯುತ್ತದೆ. ತಡೆಯಲಾಗದಷ್ಟು ಆದರೆ ನಿಲ್ಲಿಸಿ. ಬರೆದದ್ದನ್ನು ಇಟ್ಟುಕೊಳ್ಳಬೇಕಾಗಿಲ್ಲ. ನಾನು ಬೆಳಿಗ್ಗೆ ಬಚ್ಚಲೊಲೆಗೆ ಹಾಕುತ್ತೇನೆ. ಸೋಗೆಯ ಜೊತೆ ಅದೂ ಉರಿದು ನೀರು ಕಾಯುತ್ತದೆ.

ತನ್ನನ್ನೇ ಹಳಿದುಕೊಳ್ಳುವ ಮಾತು ಬಂದಾಗ ಒಂದು ಪ್ರಶ್ನೆ ಕೇಳಿ: ಇದು ಯಾರ ದನಿ? 'ನಾನು ಮನೆಯ ಮಾನ ಕಳೆಯುವವಳು' ಅನ್ನುವುದು ನನ್ನ ತಲೆಯೊಳಗೆ ಬರುವುದು ನಮ್ಮ ಒಬ್ಬ ದೊಡ್ಡಮ್ಮನ ದನಿಯಲ್ಲಿ. ಅವರು ಹಾಗೆ ಅಂದದ್ದು ಬೇರೆ ಯಾರಿಗೋ, ನಾನು ಚಿಕ್ಕವಳಿದ್ದಾಗ. ದನಿ ಯಾರದು ಅಂತ ಗೊತ್ತಾದರೆ ಆ ಮಾತಿನ ಅರ್ಧ ಬಲ ಹೋಗುತ್ತದೆ. ನನ್ನ ಗೆಳತಿ ಇದನ್ನು ಇನ್ನೂ ಚೂಪಾಗಿ ಹೇಳುತ್ತಾಳೆ. "ಎದುರಿಗೆ ಯಾರೂ ಇಲ್ಲದಾಗಲೂ ನೀನು ಕಟಕಟೆಯಲ್ಲಿ ನಿಂತಿರ್ತೀಯಲ್ಲ, ಇಳಿ ಕೆಳಗೆ."

ಡಾಕ್ಟರ ಹತ್ತಿರ ಹೋಗುವಾಗ

ಎರಡು ವಾರ ನಿದ್ದೆ ಸರಿ ಇಲ್ಲ, ಊಟ ಸೇರುತ್ತಿಲ್ಲ, ಕೆಲಸ ಮಾಡಲು ಆಗುತ್ತಿಲ್ಲ ಅಂದರೆ ಹೋಗಿ. ಸಾಯುವ ಯೋಚನೆ ಬಂದರೆ ಎರಡು ವಾರ ಕಾಯಬೇಡಿ, ಅವತ್ತೇ 14416ಕ್ಕೆ ಫೋನ್ ಮಾಡಿ. ಅದು ಸರಕಾರದ ಟೆಲಿ ಮಾನಸ್, 2022ರ ಅಕ್ಟೋಬರಿನಲ್ಲಿ ಶುರುವಾದದ್ದು. ದುಡ್ಡಿಲ್ಲ, ರಾತ್ರಿ ಹಗಲೂ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಕಾರವಾರದಲ್ಲಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆ ಇದೆ. ಘಟ್ಟದ ಮೇಲಿನವರಿಗೆ ಧಾರವಾಡದ ಮಾನಸಿಕ ಆಸ್ಪತ್ರೆ ಡಿಮ್ಹಾನ್ಸ್ ಹತ್ತಿರ. ದೂರದ ಆಸ್ಪತ್ರೆಗೆ ಹೋದರೆ ಚೀಟಿ ಬರೆಸುವ ಸಾಲಿನಲ್ಲಿ ನೆಂಟರು ಸಿಗುವುದಿಲ್ಲ, ಅದೂ ಒಂದು ಲಾಭ.

ಒಳಗೆ ಕೂತ ಮೇಲೆ ಮೊದಲೇ ಹೇಳಿ: "ನಾನು ಹೆಣ್ಣನ್ನು ಪ್ರೀತಿಸುತ್ತೇನೆ. ಅದನ್ನು ಬದಲಿಸಿಕೊಳ್ಳಲು ಬಂದಿಲ್ಲ. ನಿದ್ದೆ ಬರುತ್ತಿಲ್ಲ, ಅದಕ್ಕೆ ಬಂದಿದ್ದೇನೆ." ಮನೆಯಲ್ಲಿ ಒಂದೆರಡು ಸಲ ಬಾಯಿಬಿಟ್ಟು ಹೇಳಿ ನೋಡಿಕೊಳ್ಳಿ, ಅಲ್ಲಿ ಗಂಟಲು ಕಟ್ಟುವುದಿಲ್ಲ. ಒಳ್ಳೆಯ ಡಾಕ್ಟರು ನಿದ್ದೆಯ ಬಗ್ಗೆ ಕೇಳುತ್ತಾರೆ. ನಮ್ಮ ಪರಿಚಯದ ಹುಡುಗಿಯೊಬ್ಬಳಿಗೆ ಒಬ್ಬ ಡಾಕ್ಟರು "ಮದುವೆಯಾದರೆ ಸರಿಯಾಗುತ್ತದೆ" ಅಂದು ಕಳಿಸಿದರು. ಅಂಥ ಕಡೆ ಮತ್ತೆ ಹೋಗಬೇಡಿ, ವಾದವನ್ನೂ ಮಾಡಬೇಡಿ. ತಿಳಿದಿರಲಿ ಅಂತ ಹೇಳುತ್ತೇನೆ: ವಿಶ್ವ ಆರೋಗ್ಯ ಸಂಸ್ಥೆ 1990ರಲ್ಲೇ ಇದನ್ನು ಕಾಯಿಲೆಗಳ ಪಟ್ಟಿಯಿಂದ ತೆಗೆದಿದೆ. ಭಾರತದ ಮನೋವೈದ್ಯರ ಸಂಘ 2018ರಲ್ಲಿ ಇದು ಕಾಯಿಲೆ ಅಲ್ಲ ಅಂತ ಹೇಳಿದೆ. ಬದಲಿಸುತ್ತೇನೆ ಅಂತ ಚಿಕಿತ್ಸೆ ಕೊಡುವುದು ವೃತ್ತಿಯ ತಪ್ಪು ಅಂತ ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲಿ ತಿಳಿಸಿತು. ಅದಕ್ಕೆ ಕಾರಣವಾದದ್ದು ಮಧುರೈನಿಂದ ಚೆನ್ನೈಗೆ ಬಂದ ಇಬ್ಬರು ಹೆಣ್ಣುಮಕ್ಕಳು ಮದ್ರಾಸ್ ಹೈಕೋರ್ಟಿಗೆ ಹಾಕಿದ ಅರ್ಜಿ. 2017ರ ಮಾನಸಿಕ ಆರೋಗ್ಯ ಕಾಯ್ದೆಯಲ್ಲಿ, ಯಾರನ್ನು ಪ್ರೀತಿಸುತ್ತೀರಿ ಅನ್ನುವ ಕಾರಣಕ್ಕೆ ಚಿಕಿತ್ಸೆಯಲ್ಲಿ ಭೇದ ಮಾಡಬಾರದು ಅಂತಲೇ ಇದೆ. ನೀವು ಹೇಳಿದ್ದನ್ನು ಗುಟ್ಟಾಗಿ ಇಡಬೇಕಾದದ್ದೂ ಆ ಕಾಯ್ದೆಯ ಪ್ರಕಾರವೇ.

ಮನೆಯವರು ಡಾಕ್ಟರ ಬದಲು ದೇವಸ್ಥಾನಕ್ಕೋ ಪಾತ್ರಿಯ ಹತ್ತಿರಕ್ಕೋ ಕರೆದರೆ? ಇಡಗುಂಜಿಗೆ ಹೋಗಿ ಕೈಮುಗಿದು ಬರುವುದರಲ್ಲಿ ತೊಂದರೆ ಇಲ್ಲ, ಅಮ್ಮನಿಗೆ ಸಮಾಧಾನ. ಏನಾದರೂ ಕುಡಿಸುತ್ತೇವೆ, ನಾಲ್ಕು ದಿನ ಇಲ್ಲೇ ಬಿಟ್ಟು ಹೋಗಿ ಅಂದರೆ ಅಲ್ಲಿಂದ ಎದ್ದು ಬನ್ನಿ.

ಕೂಡಿಹಾಕಿದರೆ, ಹೊಡೆದರೆ

ಇದು ಮನಸ್ಸಿನ ಆರೋಗ್ಯದ ಮಾತನ್ನು ದಾಟಿದ ವಿಷಯ. ಫೋನು ಕಿತ್ತುಕೊಂಡು ಕೋಣೆಯಲ್ಲಿ ಹಾಕಿದರೆ, ಬಲವಂತದ ಮದುವೆಗೆ ದಿನ ಗೊತ್ತು ಮಾಡಿದರೆ 112 ಅಥವಾ ಮಹಿಳಾ ಸಹಾಯವಾಣಿ 181. 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆ ಗಂಡನ ಮನೆಗೆ ಮಾತ್ರ ಅಂತ ಬಹಳ ಜನ ತಿಳಿದಿದ್ದಾರೆ. ತವರುಮನೆಯವರು ಹೊಡೆದರೂ ಅದು ನಡೆಯುತ್ತದೆ. ಮನೆ ಬಿಡುವುದಾದರೆ, ನನಗೆ ಹದಿನೆಂಟು ತುಂಬಿದೆ, ನನ್ನ ಇಷ್ಟದಿಂದ ಹೋಗುತ್ತಿದ್ದೇನೆ ಅಂತ ಬರೆದು ಸಹಿ ಮಾಡಿ ಪೊಲೀಸ್ ಠಾಣೆಗೆ ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ, ನಕಲು ಇಟ್ಟುಕೊಳ್ಳಿ. ಕಾಣೆಯಾಗಿದ್ದಾಳೆ ಅಂತ ಮನೆಯವರು ದೂರು ಕೊಟ್ಟಾಗ ಆ ಕಾಗದ ಮಾತಾಡುತ್ತದೆ. ಇಂಥ ಪ್ರಕರಣ ಕೋರ್ಟಿಗೆ ಹೋದರೆ ಕೌನ್ಸೆಲಿಂಗ್ ಹೆಸರಲ್ಲಿ ಹುಡುಗಿಯ ಮನಸ್ಸು ತಿರುಗಿಸುವ ಕೆಲಸ ಆಗಬಾರದು ಅಂತ 2024ರ ಮಾರ್ಚಿನಲ್ಲಿ ಸುಪ್ರೀಂ ಕೋರ್ಟು ಕೆಳಗಿನ ಕೋರ್ಟುಗಳಿಗೆ ಹೇಳಿದೆ.

ಕಾಗದಪತ್ರ

ಮನಸ್ಸಿನ ನೆಮ್ಮದಿಗೂ ಕಾಗದಕ್ಕೂ ಏನು ಸಂಬಂಧ ಅನ್ನಬಹುದು. ನಾಳೆ ನನಗೆ ಏನಾದರೂ ಆದರೆ ಅವಳನ್ನು ಯಾರೂ ಹತ್ತಿರ ಸೇರಿಸುವುದಿಲ್ಲ ಅನ್ನುವ ಹೆದರಿಕೆ ನನಗೆ ಎಲ್ಲಕ್ಕಿಂತ ದೊಡ್ಡದಾಗಿತ್ತು. ಅದನ್ನು ಇಳಿಸಿದ್ದು ಕಾಗದವೇ. ಲೆಕ್ಕ ಬರೆಯುವವಳು, ಹಾಗಾಗಿ ಈ ಭಾಗ ನನಗೆ ಖುಷಿ.

2017ರ ಆ ಕಾಯ್ದೆಯಲ್ಲಿ, ಮಾನಸಿಕ ಚಿಕಿತ್ಸೆಯ ವಿಷಯದಲ್ಲಿ ನನ್ನ ಪರವಾಗಿ ಮಾತಾಡುವವರು ಇವರು ಅಂತ ಒಬ್ಬ ಪ್ರತಿನಿಧಿಯನ್ನು ಹೆಸರಿಸಬಹುದು. ರಕ್ತಸಂಬಂಧ ಇರಬೇಕಾಗಿಲ್ಲ. ಬಿಳಿ ಹಾಳೆಯಲ್ಲಿ ಬರೆದು ಸಹಿ ಮಾಡಿದರೆ ಸಾಕು. ನಿಮ್ಮ ಸ್ವಂತ ದುಡಿಮೆಯ ಹಣಕ್ಕೆ, ಆಸ್ತಿಗೆ ವಿಲ್ ಬರೆಯಿರಿ. ಅದಕ್ಕೂ ಸ್ಟಾಂಪ್ ಪೇಪರ್ ಬೇಡ, ಇಬ್ಬರು ಸಾಕ್ಷಿಗಳ ಸಹಿ ಬೇಕು. ನೋಂದಣಿ ಮಾಡಿಸಿದರೆ ಗಟ್ಟಿ, ಮಾಡಿಸಲೇಬೇಕು ಅಂತಿಲ್ಲ. ಬ್ಯಾಂಕಿನ ನಾಮಿನಿ ದುಡ್ಡನ್ನು ಪಡೆಯುವವರು ಮಾತ್ರ, ವಾರಸುದಾರರು ಆಮೇಲೆ ಕೇಳಬಹುದು, ಹಾಗಾಗಿ ನಾಮಿನಿ ಜೊತೆ ವಿಲ್ ಕೂಡ ಇರಲಿ. 2025ರ ನವೆಂಬರ್ 1ರಿಂದ ಬ್ಯಾಂಕ್ ಠೇವಣಿಗೆ ನಾಲ್ಕು ಜನರವರೆಗೆ ನಾಮಿನಿ ಹಾಕಬಹುದು. ಅಮ್ಮನ ಹೆಸರಿನ ಕೆಳಗೆ ಅವಳ ಹೆಸರು ಬಂದರೆ ಯಾರಿಗೂ ವಿಚಿತ್ರ ಅನ್ನಿಸುವುದಿಲ್ಲ. ಇಬ್ಬರೂ ಸೇರಿ ಜಾಯಿಂಟ್ ಖಾತೆ ತೆರೆಯಲೂ ಅಡ್ಡಿಯಿಲ್ಲ. ಇಂಥ ಜೋಡಿಗಳಿಗೆ ಯಾವ ನಿರ್ಬಂಧವೂ ಇಲ್ಲ ಅಂತ ಕೇಂದ್ರದ ಹಣಕಾಸು ಸೇವೆಗಳ ಇಲಾಖೆ 2024ರ ಆಗಸ್ಟ್ 28ರಂದು ಸ್ಪಷ್ಟ ಮಾಡಿದೆ. ಕೌಂಟರಿನಲ್ಲಿ ಇದನ್ನೆಲ್ಲ ಬಿಡಿಸಿ ಹೇಳಬೇಕಾಗಿಲ್ಲ. ಫಾರ್ಮಿನಲ್ಲಿ ಸಂಬಂಧ ಏನು ಅಂತ ಕೇಳುವ ಕಡೆ ನಾವು 'ಸ್ನೇಹಿತೆ' ಅಂತ ಬರೆದೆವು. ಗುಮಾಸ್ತರು ಕೇಳಿದ್ದು ಪ್ಯಾನ್ ಕಾರ್ಡಿನ ಜೆರಾಕ್ಸ್ ಒಂದನ್ನೇ.